ಕಾಲುವೆ ದಂಡೆಯ ಉಪ್ಪಿನ ಕಾರ್ಖಾನೆ
(ಸಂಘದ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಫಲಕದ ಮೇಲೆ ಈ ದಿನದ ವಿಷಯವನ್ನು ಓದಿ ನಿಮ್ಮಲ್ಲಿ ಕೆಲವರು ನಕ್ಕಿರೆಂದು ಕಾರ್ಯದರ್ಶಿಗಳು ಹೇಳಿದರು. ನಗಬೇಕಾದ್ದೇ. ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡು ಎಂದು ಗಂಟಲು ಹರಿಯುವ ಮನುಷ್ಯನಿಗೆ ಇಂಗ್ಲೆಂಡಿನ ಯಾವುದೋ ಹಳ್ಳಿಯ ಮುರುಕು ಉಪ್ಪಿನ ಕಾರ್ಖಾನೆಯ ಗೊಡವೆ ಏಕೆ? ನಾನು ಆ ಊರನ್ನು ಕಂಡವನಲ್ಲ. ಓದಿ ತಿಳಿದದ್ದನ್ನೂ, ಭಟ್ಟಿಯ ಮುಂದೆ ನಿಂತು ತಿಳಿದದ್ದನ್ನೂ ಕೂಡಿಸಿ ಹೇಳುತ್ತೇನೆ. ಪಂಡಿತರ ಭಾಷಣ ಬೇಕಾದವರಿಗೆ ನಿರಾಸೆಯಾದೀತು.

ಪುರಾತತ್ತ್ವ ಎಂದ ಕೂಡಲೆ ನಮಗೆ ನೆನಪಾಗುವುದು ಹಂಪೆ, ಬಾದಾಮಿ. ರಾಜನ ಸಿಂಹಾಸನದ ಕಟ್ಟೆ, ರಾಣಿಯ ಸ್ನಾನದ ಕೊಳ, ಗುಡಿಯ ಗೋಪುರ. ಕೂಲಿಯವನು ದುಡಿದ ತಗಡಿನ ಮಾಡನ್ನು ಅಳತೆಪಟ್ಟಿ ಹಿಡಿದು ಅಳೆದು, ಅವನು ತುಳಿದ ಹಲಗೆಯ ನಕ್ಷೆ ಬರೆದು, ಅದೂ ಚರಿತ್ರೆಯೇ ಎಂದು ಹೇಳುವ ಶಾಸ್ತ್ರವೊಂದು ಇದೆ ಎಂಬುದು ಎಷ್ಟು ಜನರಿಗೆ ಗೊತ್ತು? ಅದಕ್ಕೆ ಕೈಗಾರಿಕಾ ಪುರಾತತ್ತ್ವ ಎಂದು ಹೆಸರು. ಇಂಗ್ಲೆಂಡಿನಲ್ಲಿ ಆ ಹೆಸರನ್ನು ರೂಢಿಗೆ ತಂದದ್ದು 1955ರಲ್ಲಿ ಮೈಕೇಲ್ ರಿಕ್ಸ್ ಎಂಬವರು ಬರೆದ ಒಂದು ಲೇಖನ. ಆತ ವಯಸ್ಕರಿಗೆ ಪಾಠ ಹೇಳುತ್ತಿದ್ದವರು. ನಮ್ಮ ರಾತ್ರಿ ಶಾಲೆಯ ಮೇಷ್ಟ್ರ ಜಾತಿಗೆ ಸೇರಿದವರು ಎನ್ನಿ. ಇದು ನನಗೆ ಸಂತೋಷ ಕೊಟ್ಟ ಸಂಗತಿ.

ಈಗ ಊರಿಗೆ ಹೋಗೋಣ. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಚೆಷೈರ್ ಎಂಬ ಜಿಲ್ಲೆ. ಅಲ್ಲಿ ನಾರ್ತ್‌ವಿಚ್ ಎಂಬ ಪಟ್ಟಣ. ಅದರ ಪಕ್ಕದಲ್ಲೇ ಮಾರ್ಸ್ಟನ್ ಎಂಬ ಹಳ್ಳಿ. ಉಪ್ಪು ಎಂದರೆ ನಮ್ಮ ಕಡೆಯವರಿಗೆ ಸಮುದ್ರ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಮಾಡುವಂತೆ ಗದ್ದೆಗೆ ಸಮುದ್ರದ ನೀರು ಬಿಟ್ಟು ಬಿಸಿಲಿಗೆ ಒಣಗಿಸುವುದು. ಚೆಷೈರಿನಲ್ಲಿ ಉಪ್ಪು ಇರುವುದು ನೆಲದೊಳಗೆ. ಸುಮಾರು 22 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಕಡಲ ನೀರು ಆರಿ ಬಂಡೆಯಂತೆ ಗಟ್ಟಿಯಾಗಿ ಮಣ್ಣಿನಡಿ ಹೂತುಹೋಯಿತು. ಮೇಲಿಂದ ಇಳಿದ ಮಳೆನೀರು ಆ ಉಪ್ಪುಬಂಡೆಯನ್ನು ಕರಗಿಸಿ ಉಪ್ಪುನೀರಾಗಿ ನಿಲ್ಲುತ್ತದೆ. ಸಮುದ್ರದ ನೂರು ಕಿಲೋ ನೀರಿನಲ್ಲಿ ಮೂರೂವರೆ ಕಿಲೋ ಉಪ್ಪು. ಆ ನೆಲದಡಿಯ ನೀರು ಪೂರ್ತಿ ಗಡುಸಾಗಿದ್ದರೆ ನೂರು ಕಿಲೋದಲ್ಲಿ 26 ಕಿಲೋ. ಆದರೆ ಬಿಸಿಲು? ಆ ದೇಶದಲ್ಲಿ ಬಿಸಿಲನ್ನು ನಂಬಿ ಉಪ್ಪು ಮಾಡಲಾಗದು. ಬೆಂಕಿಯೇ ಬೇಕು. ರೋಮನ್ನರು ಆಳುತ್ತಿದ್ದಾಗಲೇ ಅಲ್ಲಿ ಸೀಸದ ತಟ್ಟೆಗಳಲ್ಲಿ ಉಪ್ಪು ಕಾಯಿಸುತ್ತಿದ್ದರು. ಹೆಸರು ಮೂಡಿಸಿದ ಸೀಸದ ತಟ್ಟೆಗಳು ಆ ಜಿಲ್ಲೆಯ ಮಣ್ಣಿನಲ್ಲಿ ಸಿಕ್ಕಿವೆ.

ಬೆಂಕಿಗೆ ಕಲ್ಲಿದ್ದಲು ತರಬೇಕು, ಆದ ಉಪ್ಪನ್ನು ಹೊರಗೆ ಕಳಿಸಬೇಕು. ಎರಡೂ ಭಾರದ ಸರಕು. ಆದ್ದರಿಂದ ಕಾಲುವೆ. 1777ರಲ್ಲಿ ಪೂರ್ತಿಯಾದ ಟ್ರೆಂಟ್-ಮರ್ಸಿ ಕಾಲುವೆ ಮಾರ್ಸ್ಟನ್ನಿನ ಮೇಲೇ ಹಾದುಹೋಗುತ್ತದೆ. ಕಿರಿದಾದ ಉದ್ದನೆಯ ದೋಣಿ ಕಲ್ಲಿದ್ದಲು ಹೊತ್ತು ಬರುತ್ತದೆ, ಉಪ್ಪು ಹೊತ್ತು ಹೋಗುತ್ತದೆ. ಸ್ವಲ್ಪ ದೂರದಲ್ಲಿ ಆಂಡರ್ಟನ್ ಎಂಬಲ್ಲಿ ಕಾಲುವೆ ಮೇಲೆ, ವೀವರ್ ನದಿ ಸುಮಾರು 50 ಅಡಿ ಕೆಳಗೆ. ಮೊದಲು ಉಪ್ಪನ್ನು ಜಾರುಬಂಡೆಯಂಥ ದೋಣಿಗಾಲುವೆಗಳಿಂದ ಕೆಳಗಿನ ಹಡಗಿಗೆ ಸುರಿಯುತ್ತಿದ್ದರು. 1875ರಲ್ಲಿ ದೋಣಿಯನ್ನೇ ನೀರುಸಮೇತ ಎತ್ತಿ ಇಳಿಸುವ ಯಂತ್ರ ನಿಲ್ಲಿಸಿದರು. ಅಲ್ಲಿಂದ ನದಿ, ನದಿಯಿಂದ ಲಿವರ್‌ಪೂಲ್ ಬಂದರು, ಬಂದರಿನಿಂದ ಲೋಕವೆಲ್ಲ.

ಇಂಥ ಕಾಲುವೆಯ ದಂಡೆಯಲ್ಲಿ, ರೆಡ್ ಲಯನ್ ಎಂಬ ಹೊಟೇಲಿನ ಹಿಂದಿನ ಕಲ್ಲಿದ್ದಲ ಅಂಗಳದಲ್ಲಿ, 1894ರಲ್ಲಿ ಥಾಂಪ್ಸನ್ ಮನೆತನದವರು ಒಂದು ಉಪ್ಪಿನ ಕಾರ್ಖಾನೆ ಇಟ್ಟರು. ಹೊಟೇಲಿನ ಹಿತ್ತಲಲ್ಲಿ ಹುಟ್ಟಿದ್ದಕ್ಕೆ ಲಯನ್ ಸಾಲ್ಟ್ ವರ್ಕ್ಸ್ ಎಂದೇ ಹೆಸರು. ಸಪ್ಲೈಯರ್ ಬಂಧುಗಳು ಇದನ್ನು ಗಮನಿಸಬೇಕು! ಥಾಂಪ್ಸನ್ನರಿಗೆ ಹಿಂದೆಯೂ ಉಪ್ಪಿನ ಕಾರ್ಖಾನೆ ಇತ್ತು. 1888ರಲ್ಲಿ ಉಪ್ಪಿನ ಮಾಲೀಕರು ಬಹಳ ಮಂದಿ ಒಟ್ಟು ಸೇರಿ ಸಾಲ್ಟ್ ಯೂನಿಯನ್ ಎಂಬ ದೊಡ್ಡ ಕಂಪನಿ ಕಟ್ಟಿದಾಗ ಅದಕ್ಕೆ ತಮ್ಮದನ್ನು ಮಾರಿ, ಆರು ವರ್ಷದ ಮೇಲೆ ಮತ್ತೆ ಹೊಸದಾಗಿ ತೊಡಗಿದರು. ಸಾಲ್ಟ್ ಯೂನಿಯನ್ ಕಟ್ಟಿದ್ದು ದರ ಬೀಳದಂತೆ ಹಿಡಿದು ನಿಲ್ಲಿಸಲಿಕ್ಕೆ. ಮಾಲೀಕರು ಯೂನಿಯನ್ ಕಟ್ಟಿದರೆ ವ್ಯವಹಾರ, ನಾವು ಕಟ್ಟಿದರೆ ತಂಟೆ!

ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಗಿಯಂತ್ರದಿಂದ ನೆಲದಡಿಯ ಉಪ್ಪುನೀರನ್ನು ಎತ್ತಿ ಮರದ ದೊಡ್ಡ ತೊಟ್ಟಿಗೆ ತುಂಬುವುದು. ಅಲ್ಲಿಂದ ಕೊಳವೆಯಲ್ಲಿ ಕೊಪ್ಪರಿಗೆಗೆ. ಕೊಪ್ಪರಿಗೆ ಎಂದರೆ ನಮ್ಮ ಸಾಂಬಾರಿನ ಕೊಪ್ಪರಿಗೆಯಲ್ಲ. ಕಬ್ಬಿಣದ ತಗಡುಗಳನ್ನು ಮೊಳೆ ಹೊಡೆದು ಜೋಡಿಸಿದ, ಚಾಳಿನ ನಾಲ್ಕೈದು ಖೋಲಿಗಳಷ್ಟು ವಿಸ್ತಾರದ ಚಪ್ಪಟೆ ತಟ್ಟೆ. ಆಳ ಮಾತ್ರ ಹೆಚ್ಚಿಲ್ಲ. ಕೆಳಗೆ ಸಾಲು ಒಲೆ, ಒಲೆಗೆ ಕಲ್ಲಿದ್ದಲು. ಮೇಲೆ ಮರದ ಮಾಡು. ಮಾಡಿನ ನೆತ್ತಿಯಲ್ಲಿ ಉಗಿ ಹೊರಹೋಗಲು ಸಂದು ಬಿಟ್ಟ ಹಲಗೆಗಳು.

ಭಟ್ಟಿಯವರಿಗೆ ಗೊತ್ತು: ಬರಿಯ ನೀರು ಕುದಿಯುವ ಕಾವಿಗೂ ಉಪ್ಪುನೀರು ಕುದಿಯುವ ಕಾವಿಗೂ ವ್ಯತ್ಯಾಸವಿದೆ. ಗಡುಸು ಉಪ್ಪುನೀರು ಕುದಿಯುವುದು ಸುಮಾರು 108 ಡಿಗ್ರಿಗೆ. ಅದು ಮೈಮೇಲೆ ಬಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬೆಂಕಿ ಜೋರಾಗಿ ಹಾಕಿ ಬೇಗ ಕುದಿಸಿದರೆ ಸಣ್ಣ ಹರಳಿನ ನಯ ಉಪ್ಪು. ಬೆಂಕಿ ತಗ್ಗಿಸಿ ವಾರ, ಎರಡು ವಾರ ಸುಮ್ಮನೆ ಬಿಟ್ಟರೆ ದಪ್ಪ ಹರಳು. ಅದು ಮೀನು ಕೂಡಿಡುವವರಿಗೆ. ನೀರು ಒಂದೇ, ಕೊಪ್ಪರಿಗೆಯೂ ಅಂಥದೇ, ಉರಿಯನ್ನು ಬಲ್ಲವನ ಕೈ ಮಾತ್ರ ಬೇರೆ. ಹಾಲು ಒಂದೇ ಆದರೂ ಖೋವಾ ಮಾಡುವವನ ಕೈ, ಬಾಸುಂದಿ ಮಾಡುವವನ ಕೈ ಬೇರೆ ಅಲ್ಲವೆ? ನೊರೆ ತೆಗೆಯಲು, ಹರಳು ಹದವಾಗಲು ಅಂಟು, ಮೊಟ್ಟೆಯ ಬಿಳಿ, ಹಿಂದಿನ ಕಾಲದಲ್ಲಿ ಪ್ರಾಣಿಯ ರಕ್ತವನ್ನೂ ಹಾಕುತ್ತಿದ್ದರು. ನಮ್ಮ ಅಡಿಗೆಭಟ್ಟರಿಗೆ ಇದು ತಿಳಿದಿದ್ದರೆ ವಿಲಾಯತಿ ಉಪ್ಪಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನಯ ಉಪ್ಪು ಮಾಡುವವನಿಗೆ ಲಂಪ್‌ಮನ್ ಎಂದು ಹೆಸರು, ಅಂದರೆ ಗಟ್ಟಿ ಕಟ್ಟುವವನು. ತಳಕ್ಕೆ ಇಳಿದ ಉಪ್ಪನ್ನು ಉದ್ದ ಹಿಡಿಯ ಗೋರಿನಿಂದ ಅಂಚಿಗೆ ಎಳೆದು, ತೂತಿನ ಸೌಟಿನಂಥ ಸಲಕರಣೆಯಿಂದ ಎತ್ತಿ, ಮರದ ಪೆಟ್ಟಿಗೆಗೆ ತುಂಬಿ, ಕೋಲಿನಿಂದ ಜಡಿಯುತ್ತಾನೆ. ನೀರು ಬಸಿದ ಮೇಲೆ ಪೆಟ್ಟಿಗೆ ಬೋರಲು ಹಾಕಿದರೆ ಉಪ್ಪಿನ ಗಟ್ಟಿ. ಆ ಗಟ್ಟಿಗಳನ್ನು ಒಣಗಿಸುವುದು ಪಕ್ಕದ ಬಿಸಿಕೋಣೆಯಲ್ಲಿ. ಇಲ್ಲಿ ಒಂದು ಜಾಣತನವಿದೆ. ಒಲೆಯ ಹೊಗೆ ನೇರ ಚಿಮಣಿಗೆ ಹೋಗುವುದಿಲ್ಲ. ಆ ಬಿಸಿಕೋಣೆಯ ನೆಲದಡಿ ಇಟ್ಟಿಗೆಯ ಸುರಂಗಗಳಲ್ಲಿ ಹಾದು, ತನ್ನ ಕಾವನ್ನೆಲ್ಲ ಅಲ್ಲಿ ಬಿಟ್ಟು, ಆಮೇಲೆ ಹೊರಗೆ. ಒಣಗಿದ ಗಟ್ಟಿಯನ್ನು ಕೆಳಗಿನವನು ಅಟ್ಟದ ಕಿಂಡಿಗೆ ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ. ಅಟ್ಟದಲ್ಲಿ ಒಟ್ಟಿ, ಪುಡಿ ಮಾಡಿ, ಚೀಲ ತುಂಬಿ, ದೋಣಿಗೋ ರೈಲಿಗೋ.

ಕೂಲಿ ಗಟ್ಟಿಗಳ ಲೆಕ್ಕದ ಮೇಲೆ. ಒಳಗೆ ಉಗಿ ತುಂಬಿದ ಕತ್ತಲೆ. ಅರೆಬೆತ್ತಲೆ ಮೈ, ಕಾಲಿಗೆ ಮರದ ಪಾದರಕ್ಷೆ. ಕೊಪ್ಪರಿಗೆಯ ತಳದಲ್ಲಿ ಕಲ್ಲಿನಂತೆ ಗಟ್ಟಿಗಟ್ಟುವ ಚಕ್ಕೆಯನ್ನು ಆಗಾಗ ಬಡಿದು ಕೀಳಬೇಕು. ನಮ್ಮಲ್ಲಿ ಇಡ್ಲಿ ಬಾಯ್ಲರಿನ ತಳ ಉಜ್ಜಿದ ಹುಡುಗರಿಗೆ ಆ ಚಕ್ಕೆ ಎಂಥದೆಂದು ಗೊತ್ತು. ಕೀಳದೆ ಬಿಟ್ಟರೆ ತಗಡು ಸುಟ್ಟು ತೂತು ಬೀಳುತ್ತದೆ.

ಈಗ ಪುರಾತತ್ತ್ವದವರು ಏನು ನೋಡುತ್ತಾರೆ ಎಂಬ ಮಾತಿಗೆ ಬರುತ್ತೇನೆ. ಅವರು ಇಟ್ಟಿಗೆಯನ್ನು ನೋಡುತ್ತಾರೆ. ಎಲ್ಲಿ ಇಟ್ಟಿಗೆ ಹೆಚ್ಚು ಸುಟ್ಟಿದೆಯೋ ಅಲ್ಲಿ ಬೆಂಕಿಯ ಬಾಯಿ. ಮರದ ಕಟ್ಟಡದಲ್ಲಿ ಕಬ್ಬಿಣದ ಮೊಳೆ ಇರಬೇಕಾದ ಕಡೆ ಮರದ ಗೂಟ ಇದ್ದರೆ, ಕಟ್ಟಿದವನಿಗೆ ಉಪ್ಪು ಕಬ್ಬಿಣವನ್ನು ತಿನ್ನುತ್ತದೆಂಬ ಅರಿವಿತ್ತು ಎಂದು ಬರೆದುಕೊಳ್ಳುತ್ತಾರೆ. ಹಲಗೆ ಎಲ್ಲಿ ಸವೆದಿದೆಯೋ ಅಲ್ಲಿ ಆಳು ನಿಲ್ಲುತ್ತಿದ್ದ. ನೆಲ ಅಗೆದರೆ ಬೂದಿ, ಕಿಟ್ಟ, ಕೊಪ್ಪರಿಗೆಯ ಚಕ್ಕೆ ಪದರ ಪದರವಾಗಿ ಸಿಗುತ್ತವೆ. ಯಾವ ಗೋಡೆ ಮೊದಲು, ಯಾವುದು ಆಮೇಲೆ ಎಂದು ಆ ಪದರಗಳಿಂದ ತಿಳಿಯುತ್ತದೆ. ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಎಷ್ಟು ಟನ್ನು ಹೋಯಿತು, ಎಷ್ಟು ಹಣ ಬಂತು ಎಂದು ಇರುತ್ತದೆ. ಆಳು ಎಲ್ಲಿ ಬಗ್ಗಿದ, ಎಷ್ಟು ಕಿರಿದಾದ ಹಲಗೆಯ ಮೇಲೆ ಕುದಿಯುವ ನೀರಿನ ಪಕ್ಕ ನಡೆದ ಎಂಬುದು ಕಟ್ಟಡದಲ್ಲಿ ಮಾತ್ರ ಬರೆದಿರುತ್ತದೆ. ಕಟ್ಟಡ ಬಿದ್ದರೆ ಆ ಬರಹವೂ ಹೋಯಿತು.

ಆ ನೆಲದ ಇನ್ನೊಂದು ಕಥೆಯಿದೆ. ಉಪ್ಪು ತೆಗೆದ ಮೇಲೆ ನೆಲದಡಿ ಉಳಿಯುವುದು ಪೊಳ್ಳು. ನಾರ್ತ್‌ವಿಚ್ಚಿನಲ್ಲಿ 1880ರಲ್ಲಿ ಭಾರೀ ಕುಸಿತವಾಯಿತು. ಮನೆಗಳು ವಾಲಿದವು, ಬೀದಿಗಳು ಇಳಿದವು, ಕುಸಿದ ಹೊಲಗಳಲ್ಲಿ ನೀರು ನಿಂತು ಕೆರೆಗಳಾದವು. ಮಾರ್ಸ್ಟನ್ನಿನಲ್ಲಿ 1907ರಲ್ಲಿ ಕಾಲುವೆಯ ದಂಡೆಯೇ ಒಡೆಯಿತು. ಕೊನೆಗೆ ಆ ಪಟ್ಟಣದವರು ಮನೆಗಳನ್ನು ಮರದ ಚೌಕಟ್ಟಿನ ಮೇಲೆ ಕಟ್ಟತೊಡಗಿದರು. ನೆಲ ಇಳಿದರೆ ಜಾಕ್ ಕೊಟ್ಟು ಮನೆಯನ್ನೇ ಎತ್ತಬಹುದು. ಆದರೆ ನಷ್ಟ ಕಟ್ಟಿಕೊಡುವವರು ಯಾರು? ಒಬ್ಬನು ಇಲ್ಲಿ ಪಂಪು ಹಾಕಿ ಎಳೆದರೆ, ನೀರು ಎಲ್ಲಿಂದಲೋ ಹರಿದು ಬಂದು, ದೂರದಲ್ಲಿ ಮತ್ತೊಬ್ಬನ ಮನೆ ಬೀಳುತ್ತದೆ. ಕೋರ್ಟಿನಲ್ಲಿ ಪ್ರತಿಯೊಬ್ಬ ಮಾಲೀಕನೂ ಅದು ನನ್ನ ಪಂಪಿನಿಂದಲ್ಲ ಎನ್ನಬಹುದು. ಗಿರಣಿಯ ಹತ್ತಿಧೂಳು ಎದೆಗೆ ಕೂತು ಕೆಮ್ಮುವ ನಮ್ಮ ಹಿರಿಯರನ್ನು ನೆನೆಸಿಕೊಳ್ಳಿ: ನಾಲ್ಕು ಗಿರಣಿಗಳಲ್ಲಿ ಬದಲಿಯಾಗಿ ದುಡಿದವನ ಎದೆಯಲ್ಲಿರುವ ಧೂಳು ಯಾವ ಗಿರಣಿಯದು? 1891ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಯಾರ ಪಂಪು ಎಂದು ಹುಡುಕುವ ಗೋಜು ಬೇಡ, ಆ ಸೀಮೆಯಲ್ಲಿ ಉಪ್ಪುನೀರು ಎತ್ತುವವರೆಲ್ಲ ಎತ್ತಿದ ನೀರಿನ ಲೆಕ್ಕದ ಮೇಲೆ ನಿಧಿಗೆ ಹಣ ಕಟ್ಟಲಿ, ಅದರಿಂದ ನಷ್ಟ ತುಂಬಲಿ ಎಂದು. ಈ ಉಪ್ಪಿನ ವಿಚಾರದಲ್ಲಿ ನಾನು ಓದಿದ್ದರಲ್ಲೆಲ್ಲ ನಮ್ಮಂಥ ಸಂಘದವರು ಕಲಿಯಬೇಕಾದ ಮುಖ್ಯ ಸಂಗತಿ ಇದೇ ಎಂದು ನನ್ನ ಅಭಿಪ್ರಾಯ.

ಹೆಂಗಸರ ಮಾತನ್ನೂ ಆಡಬೇಕು. ಇಂಗ್ಲೆಂಡಿನ ಇನ್ನೊಂದು ಉಪ್ಪಿನ ಸೀಮೆ ವುಸ್ಟರ್‌ಷೈರ್. ಅಲ್ಲಿಯೂ ಕಾಲುವೆಯ ದಂಡೆಯಲ್ಲೇ, ಸ್ಟೋಕ್ ಪ್ರಯರ್ ಎಂಬಲ್ಲಿ, ಜಾನ್ ಕಾರ್ಬೆಟ್ ಎಂಬಾತನ ದೊಡ್ಡ ಕಾರ್ಖಾನೆಯಿತ್ತು. ಅವನಿಗೆ ಉಪ್ಪಿನ ರಾಜ ಎಂದೇ ಬಿರುದು. ಹೆಂಗಸರೂ ಆ ಸೆಕೆಯಲ್ಲಿ ಗಂಡಸರ ಸಮಕ್ಕೆ ದುಡಿಯುತ್ತಿದ್ದರು. 1859ರಲ್ಲಿ ಕಾರ್ಬೆಟ್ ಹೆಂಗಸರ ಕೆಲಸ ನಿಲ್ಲಿಸಿ, ಗಂಡಸರ ಕೂಲಿ ಹೆಚ್ಚಿಸಿದ. ಅದಕ್ಕಾಗಿ ಅವನನ್ನು ಧರ್ಮಾತ್ಮ ಎಂದು ಹೊಗಳಿದರು. ಗಂಡನಿದ್ದ ಮನೆಗೆ ಸರಿ. ಗಂಡ ಸತ್ತವಳ ಮನೆಯಲ್ಲಿ ಯಾರ ಕೂಲಿ ಹೆಚ್ಚಿತು? ಆ ರಾಜ ತನಗಾಗಿ ಕಟ್ಟಿಸಿದ ಅರಮನೆ ಇಂದಿಗೂ ನಿಂತಿದೆ. ಅದನ್ನು ಅಗೆದು ಹುಡುಕಬೇಕಾಗಿಲ್ಲ. ಅವನ ಉಪ್ಪಿನ ಕಾರ್ಖಾನೆ ಉಳಿದಿಲ್ಲ.

ಇಷ್ಟೆಲ್ಲ ಇಂಗ್ಲೆಂಡಿನ ಮಾತಾಯಿತು, ನಮಗೂ ಅದಕ್ಕೂ ಏನು ಎಂದು ಕೇಳುವವರಿಗೆ ಉತ್ತರ ಬಂಗಾಳದಲ್ಲಿದೆ. ಬಂಗಾಳದ ಕರಾವಳಿಯಲ್ಲಿಯೂ ಬಿಸಿಲಿಗಿಂತ ಬೆಂಕಿಯಿಂದಲೇ ಉಪ್ಪು ಮಾಡುತ್ತಿದ್ದರು. ಮಲಂಗಿಗಳೆಂಬ ಬಡಜನ, ಮಣ್ಣಿನ ಮಡಕೆಗಳನ್ನು ಒಲೆಯ ಮೇಲೆ ಜೋಡಿಸಿ ಉಪ್ಪುನೀರು ಕುದಿಸುತ್ತಿದ್ದರು. ಚೆಷೈರಿನ ಲಂಪ್‌ಮನ್ ಮಾಡುತ್ತಿದ್ದ ಕೆಲಸವೇ. ಈಸ್ಟ್ ಇಂಡಿಯಾ ಕಂಪನಿ 1772ರಿಂದ ಆ ಉಪ್ಪನ್ನು ತನ್ನ ಗುತ್ತಿಗೆ ಮಾಡಿಕೊಂಡು, ಮುಂಗಡದ ಸಾಲದಲ್ಲಿ ಮಲಂಗಿಗಳನ್ನು ಕಟ್ಟಿಹಾಕಿ, ಅವರಿಂದ ಅಗ್ಗಕ್ಕೆ ಕೊಂಡು ಜನರಿಗೆ ದುಬಾರಿಗೆ ಮಾರಿತು. ಇತ್ತ ಚೆಷೈರಿನ ಮಾಲೀಕರಿಗೆ ಬಂಗಾಳದ ಪೇಟೆಯ ಮೇಲೆ ಕಣ್ಣು. ಪಾರ್ಲಿಮೆಂಟಿನಲ್ಲಿ ಗದ್ದಲವಾಗಿ 1836ರಲ್ಲಿ ಹಿಂದುಸ್ಥಾನದ ಉಪ್ಪಿನ ಬಗ್ಗೆ ಒಂದು ವಿಚಾರಣಾ ಸಮಿತಿಯೇ ಕೂತಿತು. ಮುಂದೆ ಲಿವರ್‌ಪೂಲಿನ ಉಪ್ಪು ಹಡಗು ಹಡಗಾಗಿ ಕಲಕತ್ತೆಗೆ ಬಂತು. 1863ರ ಹೊತ್ತಿಗೆ ಬಂಗಾಳದಲ್ಲಿ ಸರಕಾರ ಉಪ್ಪು ಮಾಡಿಸುವುದನ್ನೇ ನಿಲ್ಲಿಸಿಬಿಟ್ಟಿತು. ಮಲಂಗಿಯ ಒಲೆ ಆರಿತು. ಸಮುದ್ರದ ದಂಡೆಯಲ್ಲಿ ಕುಳಿತವನು ಸಾವಿರಾರು ಮೈಲಿಯಾಚೆಯ ಕಾಲುವೆ ದಂಡೆಯ ಉಪ್ಪು ತಿಂದ. ಇದಕ್ಕಾಗಿ ಚೆಷೈರಿನ ಕೂಲಿಯವನನ್ನು ಬೈಯಬೇಡಿ, ಅವನಿಗೆ ದಕ್ಕಿದ್ದು ಗಟ್ಟಿಯ ಲೆಕ್ಕದ ಕೂಲಿ ಮಾತ್ರ.

ಉಪ್ಪಿನ ಕರದ ಮುಂದಿನ ಕಥೆ ನಿಮಗೆ ಗೊತ್ತೇ ಇದೆ. 1930ರ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕಾನೂನು ಮುರಿದರು. ಅದೇ ವರ್ಷ ಈ ಮುಂಬಯಿಯ ವಡಾಲೆಯ ಉಪ್ಪಿನ ಮಡಿಗಳ ಮೇಲೆ ಜನ ಸಾವಿರಗಟ್ಟಲೆ ನುಗ್ಗಿದರು. ವಡಾಲೆಯಲ್ಲಿ ರೈಲು ಇಳಿದು ಕೆಲಸಕ್ಕೆ ಓಡುವ ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ತಿಳಿದಿದೆ?

ಲಯನ್ ಕಾರ್ಖಾನೆಗೆ ಮರಳುತ್ತೇನೆ. ಇಪ್ಪತ್ತನೆಯ ಶತಮಾನದಲ್ಲಿ ಮುಚ್ಚಿದ ಪಾತ್ರೆಯೊಳಗಿನ ಗಾಳಿಯನ್ನು ಎಳೆದು, ಕಡಿಮೆ ಕಾವಿನಲ್ಲಿ ಉಪ್ಪುನೀರು ಕುದಿಸುವ ಯಂತ್ರ ಬಂತು. ಕಲ್ಲಿದ್ದಲು ಕಡಿಮೆ, ಆಳು ಕಡಿಮೆ. ತೆರೆದ ಕೊಪ್ಪರಿಗೆಗಳು ಒಂದೊಂದಾಗಿ ಆರಿದವು. ಲಯನ್ ಮಾತ್ರ ಹಳೆಯ ಪದ್ಧತಿಯಲ್ಲೇ ನಡೆಯಿತು. ಪಶ್ಚಿಮ ಆಫ್ರಿಕದವರಿಗೆ ಆ ಉಪ್ಪೇ ಬೇಕಾಗಿತ್ತು. 1967ರಿಂದ 1970ರ ತನಕ ನೈಜೀರಿಯದಲ್ಲಿ ಅಂತರ್ಯುದ್ಧ ನಡೆದಾಗ ಆ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಕೊನೆಗೆ 1986ರಲ್ಲಿ ಬೆಂಕಿ ಆರಿಸಿದರು. ಚೆಷೈರಿನಲ್ಲಿ ತೆರೆದ ಕೊಪ್ಪರಿಗೆಯಲ್ಲಿ ಉಪ್ಪು ಮಾಡುತ್ತಿದ್ದ ಕೊನೆಯ ಕಾರ್ಖಾನೆ ಅದು.

ಇಲ್ಲಿ ಒಂದು ವಿಚಿತ್ರ ಕೇಳಿ. ಬೆಂಕಿ ಇದ್ದಷ್ಟು ದಿನ ಆ ಮರದ ಮಾಡು ಗಟ್ಟಿಯಾಗಿತ್ತು. ಉಪ್ಪು ಕುಡಿದ ಮರಕ್ಕೆ ಹುಳ ಹಿಡಿಯದು, ಒಣ ಕಾವಿನಲ್ಲಿ ಕೊಳೆಯದು. ಬೆಂಕಿ ಆರಿದ ಮೇಲೆ ಅದೇ ಉಪ್ಪು ಶತ್ರುವಾಯಿತು. ಮಳೆಗಾಲದಲ್ಲಿ ನಮ್ಮ ಅಡಿಗೆಮನೆಯ ಉಪ್ಪಿನ ಭರಣಿ ಹೇಗೆ ಬೆವರುತ್ತದೆ? ಹಾಗೆಯೇ ಇಡೀ ಕಟ್ಟಡ ಗಾಳಿಯ ತೇವವನ್ನು ಹೀರಿ ಬೆವರಿತು. ಕಬ್ಬಿಣ ತುಕ್ಕು ಹಿಡಿದು ಎಲೆ ಎಲೆಯಾಗಿ ಎದ್ದಿತು, ಮರ ಮೆತ್ತಗಾಯಿತು, ಮಾಡು ಕುಗ್ಗಿತು. ನೆಲಸಮ ಮಾಡುವುದೇ ಸುಲಭವಾಗಿತ್ತು. ಆದರೆ ಅಲ್ಲಿನ ಸ್ಥಳೀಯ ಆಡಳಿತ ಅದನ್ನು ಕೊಂಡು ಉಳಿಸಿತು. ಊರಿನ ಆಸಕ್ತರು ಬೆನ್ನಿಗೆ ನಿಂತರು. ಅಳೆದರು, ಅಗೆದರು, ನಕ್ಷೆ ಬರೆದರು. ಸರಕಾರ ಅದನ್ನು ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಹಲವು ದಶಲಕ್ಷ ಪೌಂಡು ಖರ್ಚಾಗಿ 2015ರ ಜೂನಿನಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಬೆಂಕಿ ಆರಿ 29 ವರ್ಷಗಳಾಗಿದ್ದವು. ಈಗ ಶಾಲೆಯ ಮಕ್ಕಳು ಬಂದು ಕೊಪ್ಪರಿಗೆಯ ಮನೆಯೊಳಗೆ ನಿಂತು ನೋಡುತ್ತಾರೆ. ನನ್ನ ದೂರು ಒಂದೇ: ಆ ಸೆಕೆ, ಆ ಉಗಿ ಅಲ್ಲಿಲ್ಲ. ತಣ್ಣಗಿನ ಮನೆಯಲ್ಲಿ ನಿಂತವನಿಗೆ ಬೇಯುವ ಮೈಯ ಅಂದಾಜು ಹೇಗೆ ಆದೀತು? ಅದನ್ನು ದುಡಿದವನ ಬಾಯಿಂದಲೇ ಕೇಳಬೇಕು.

ಬಂಧುಗಳೇ, 1982ರ ಜನವರಿ 18ರಂದು ಈ ಊರಿನ ಗಿರಣಿಗಳಲ್ಲಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು. ಆಮೇಲೆ ಏನಾಯಿತೆಂದು ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೇ ನನಗಿಂತ ಚೆನ್ನಾಗಿ ಹೇಳಬಲ್ಲರು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಜಾಗದಲ್ಲಿ ಅಂಗಡಿಗಳ ಅರಮನೆ ಎದ್ದಿದೆ. ಚಿಮಣಿಯೊಂದನ್ನು ಅಲಂಕಾರಕ್ಕೆಂದು ಬಿಟ್ಟಿದ್ದಾರೆ. ಚಿಮಣಿ ಉಳಿದರೆ ಸಾಲದು. ಅದರ ಕೆಳಗೆ ಭೋಂಗಾ ಕೂಗಿದಾಗ ಯಾರು ಯಾವ ಬಾಗಿಲಿಂದ ಒಳಗೆ ಹೋದರು, ಮಗ್ಗದಿಂದ ಮಗ್ಗಕ್ಕೆ ಎಷ್ಟು ಹೆಜ್ಜೆ, ಡಬ್ಬಿ ಎಲ್ಲಿ ಇಡುತ್ತಿದ್ದರು, ಇದನ್ನು ಆ ಚಿಮಣಿ ಹೇಳುವುದಿಲ್ಲ. ಮೀನಾ ಮೆನನ್ ಮತ್ತು ನೀರಾ ಆಡಾರ್ಕರ್ ಎಂಬವರು ಗಿರಣಗಾಂವಿನ ಕಾರ್ಮಿಕರ ಬಾಯಿಮಾತುಗಳನ್ನು ಸಂಗ್ರಹಿಸಿ 2004ರಲ್ಲಿ ಪುಸ್ತಕ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಕನ್ನಡದ ಗಿರಣಿಯವರ ಮಾತನ್ನು ಕನ್ನಡದಲ್ಲಿ ಬರೆದಿಡುವ ಹೊಣೆ ನಮ್ಮದಲ್ಲದೆ ಇನ್ನಾರದು? ಹೊಟೇಲಿನದೂ ಅಷ್ಟೆ. ಕಟ್ಟಿಗೆಯ ಭಟ್ಟಿ ಹೋಯಿತು, ಕಲ್ಲಿದ್ದಲಿನದು ಹೋಯಿತು, ಗ್ಯಾಸು ಬಂತು. ಹಳೆಯ ಭಟ್ಟಿಯ ಅಳತೆ ಗೊತ್ತಿದ್ದವರು ಒಬ್ಬೊಬ್ಬರಾಗಿ ಊರಿಗೆ ಹೋಗುತ್ತಿದ್ದಾರೆ.

ಕಾರ್ಯಕಾರಿ ಸಮಿತಿ ಒಪ್ಪಿದೆ. ವಾಚನಾಲಯದ ಒಳಗಿನ ಕಪಾಟನ್ನು ಇದಕ್ಕಾಗಿ ಖಾಲಿ ಮಾಡಿದ್ದೇವೆ. ಗಿರಣಿಯ ಹಾಜರಿ ಕಾರ್ಡು, ಗೇಟ್ ಪಾಸು, ಬಾಬಿನ್ನು, ಪಗಾರದ ಚೀಟಿ, ಹಳೆಯ ಹೊಟೇಲಿನ ಮೆನುವಿನ ಹಲಗೆ, ದೋಸೆಯ ಕಾವಲಿ, ಏನಿದ್ದರೂ ತನ್ನಿ. ವಸ್ತು ಕೊಡಲು ಮನಸ್ಸಿಲ್ಲದವರು ತಂದು ತೋರಿಸಿ. ಅಳತೆ ಬರೆದುಕೊಂಡು, ಫೋಟೋ ತೆಗೆದು ವಾಪಸು ಕೊಡುತ್ತೇವೆ. ಓದುಬರಹ ಬಾರದ ಹಿರಿಯರು ಸುಮ್ಮನೆ ಬಂದು ಕುಳಿತರೆ ಸಾಕು, ನಮ್ಮ ರಾತ್ರಿ ಶಾಲೆಯ ಹುಡುಗರು ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಎರಡನೆಯ ಪಾಳಿಯವರಿಗಾಗಿ ಬೆಳಿಗ್ಗೆ ಹತ್ತಕ್ಕೇ ಬಾಗಿಲು ತೆರೆದಿರುತ್ತದೆ. ಮೊದಲಿಗೆ ಮಗ್ಗ ಖಾತೆಯವರು ಬನ್ನಿ. ಭಟ್ಟಿಯವರ ಸರದಿ ಅದರ ಮುಂದಿನ ಭಾನುವಾರ.

 ಚಹಾ ಬಂದಿದೆ, ಪ್ರಶ್ನೆಗಳಿದ್ದರೆ ಕುಡಿಯುತ್ತ ಕೇಳಿ.